ಗೋಣಿಚೀಲ ಬೇಡ, ಬೆಕ್ಕು ಇದ್ದಲ್ಲೇ ಇರಲಿ

ಓದುಗರು ಯಾವ ಊರಿನಲ್ಲಿ ಸಿಕ್ಕರೂ, ಯಾವ ಕಾಲದಲ್ಲಿ ಪತ್ರ ಬರೆದರೂ ಒಂದು ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ: ‘ನಮ್ಮ ಅಟ್ಟದಲ್ಲಿ ಬೆಕ್ಕು ಮರಿ ಹಾಕಿದೆ, ಏನು ಮಾಡೋಣ?’ ಕೆಲವರಿಗೆ ಅದು ಅಟ್ಟವಲ್ಲ, ತಾರಸಿಯ ಸೋಲಾರ್ ಹೀಟರಿನ ಅಡಿ. ಕೆಲವರಿಗೆ ಕಾರ್ ಶೆಡ್ಡಿನ ಮೂಲೆಯಲ್ಲಿ ಪೇರಿಸಿಟ್ಟ ಹಳೆ ಟೈರು. ಹಳ್ಳಿಯವರಿಗೆ ಸೌದೆ ಕೊಟ್ಟಿಗೆ, ಇಲ್ಲವೇ ಹುಲ್ಲಿನ ಬಣವೆಯ ಸಂದು. ಕೇಳುವವರ ದನಿಯಲ್ಲಿ ಸಿಟ್ಟಿರುವುದು ಅಪರೂಪ. ಓಡಿಸಲು ಮನಸ್ಸು ಬರುತ್ತಿಲ್ಲ, ಇಟ್ಟುಕೊಳ್ಳಲೂ ಆಗುತ್ತಿಲ್ಲ ಎಂಬ ತಳಮಳವೇ ಹೆಚ್ಚು. ಸ್ವಲ್ಪ ಮಾತಾಡಿದ ಮೇಲೆ ಎರಡನೇ ಪ್ರಶ್ನೆ ಅಳುಕುತ್ತಲೇ ಹೊರಬರುತ್ತದೆ. ‘ಮರಿಗಳು ಒಂಚೂರು ದೊಡ್ಡದಾದ ಮೇಲೆ ಚೀಲಕ್ಕೆ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರಬಹುದಾ? ಅಲ್ಲಾದರೆ ಹೊಟ್ಟೆಗೆ ಸಿಗುತ್ತದಲ್ಲ?’

ಎರಡನೇ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ದಯವಿಟ್ಟು ಬಿಡಬೇಡಿ. ಮೀನು ಮಾರ್ಕೆಟ್ಟಿನಲ್ಲೂ ಬೇಡ, ದೇವಸ್ಥಾನದ ಬಳಿಯೂ ಬೇಡ, ಊರಾಚೆಯ ತೋಟದಲ್ಲೂ ಬೇಡ. ಬೀದಿ ಬೆಕ್ಕಿನ ವಿಷಯದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಅದು ಇದ್ದಲ್ಲೇ ಇರಲಿ, ಮರಿ ಹಾಕುವುದು ಮಾತ್ರ ನಿಲ್ಲಲಿ. ಉಳಿದ ಮಾತೆಲ್ಲ ಇದರ ವಿವರಣೆ.

ನಮ್ಮಲ್ಲಿ ಬೆಕ್ಕನ್ನು ಕೊಲ್ಲುವುದು ಮಹಾಪಾಪ. ಕೈತಪ್ಪಿ ಕೊಂದರೂ ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕೆಂದು ಅಜ್ಜಿಯರು ಹೆದರಿಸುತ್ತಿದ್ದರು. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಂತೂ ಮಂಗಮ್ಮ ದೇವಿಯನ್ನು ಬೆಕ್ಕಿನ ರೂಪದಲ್ಲೇ ಪೂಜಿಸುತ್ತಾರೆ. ಆ ಭಯಭಕ್ತಿ ಬೆಕ್ಕನ್ನು ದೊಣ್ಣೆಯಿಂದ ಕಾಪಾಡಿದ್ದು ನಿಜ, ಆದರೆ ಗೋಣಿಚೀಲದಿಂದ ಕಾಪಾಡಲಿಲ್ಲ. ಕೊಲ್ಲುವಂತಿಲ್ಲ, ಸಾಕಲಾಗುವುದಿಲ್ಲ, ಹಾಗಾಗಿ ಚೀಲದ ಬಾಯಿ ಕಟ್ಟಿ ಸೈಕಲ್ಲಿಗೋ ಸ್ಕೂಟರಿಗೋ ಏರಿಸಿ ಹೊಳೆಯಾಚೆ ಬಿಟ್ಟು ಬರುವ ಪದ್ಧತಿ ಎಲ್ಲ ಊರುಗಳಲ್ಲೂ ಬೆಳೆಯಿತು. ಬಿಟ್ಟು ಬಂದವರ ಮನಸ್ಸು ಹಗುರಾಗುತ್ತದೆ. ಚೀಲದಿಂದ ಹೊರಬಿದ್ದ ಬೆಕ್ಕಿನ ಕಷ್ಟ ಅಲ್ಲಿಂದ ಶುರು.

ಬೆಂಗಳೂರಿನ ರಸೆಲ್ ಮಾರ್ಕೆಟ್ಟೋ, ಮಲ್ಪೆಯ ಬಂದರೋ, ನಿಮ್ಮ ಊರಿನ ಮೀನು ಪೇಟೆಯೋ, ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ನಿಂತು ನೋಡಿ. ಅಲ್ಲಿನ ಬೆಕ್ಕುಗಳಿಗೆ ಯಾವ ಕಟ್ಟೆ ಯಾರದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಮೀನು ಹೆಚ್ಚುವ ಹೆಂಗಸಿನ ಕಾಲ ಬಳಿ ಕೂರುವ ಬೆಕ್ಕು ಪಕ್ಕದ ಕಟ್ಟೆಯ ಬೆಕ್ಕನ್ನು ಹತ್ತಿರ ಸುಳಿಯಗೊಡುವುದಿಲ್ಲ. ಹೊಸದಾಗಿ ತಂದು ಬಿಟ್ಟ ಬೆಕ್ಕನ್ನು ಗುರುತಿಸುವುದು ಸುಲಭ. ಅದು ಕಟ್ಟೆಯ ಕಡೆಗೇ ಬರುವುದಿಲ್ಲ. ಐಸ್ ಪೆಟ್ಟಿಗೆಗಳ ಹಿಂದೆ, ಗೋಡೆಗೆ ಬೆನ್ನು ಒತ್ತಿಕೊಂಡು, ಬಾಲವನ್ನು ಮೈಗೆ ಸುತ್ತಿಕೊಂಡು, ಕಣ್ಣಿನ ಪಾಪೆ ಪೂರ್ತಿ ಅಗಲಿಸಿಕೊಂಡು ಕುಳಿತಿರುತ್ತದೆ. ಮೂಗಿನ ಮೇಲೋ ಕಿವಿಯ ಮೇಲೋ ಹಸಿ ಗಾಯ. ಎರಡು ಮಾರು ದೂರದಲ್ಲಿ ಮೀನಿನ ತಲೆ ಬಿದ್ದಿದ್ದರೂ ಅದರ ಗಮನ ಅತ್ತ ಇಲ್ಲ. ಬೆಕ್ಕಿಗೆ ಅನ್ನದಷ್ಟೇ ಮುಖ್ಯವಾದದ್ದು ಜಾಗದ ಪರಿಚಯ. ಯಾವ ಕಾಂಪೌಂಡ್ ಹಾರಿದರೆ ನಾಯಿ ಇಲ್ಲ, ಯಾವ ಮೋರಿಯಲ್ಲಿ ನೀರು ಇರುತ್ತದೆ, ಮಳೆ ಬಂದರೆ ಎಲ್ಲಿ ಅಡಗಬಹುದು ಎಂಬುದನ್ನೆಲ್ಲ ಅದು ತಿಂಗಳುಗಟ್ಟಲೆ ಓಡಾಡಿ ಕಲಿತಿರುತ್ತದೆ. ಚೀಲ ಬಿಚ್ಚಿದ ಗಳಿಗೆಯಲ್ಲಿ ಆ ತಿಳಿವಳಿಕೆಯೆಲ್ಲ ನಿರುಪಯೋಗ. ಹಳೆಯ ಜಾಗ ಹುಡುಕಿಕೊಂಡು ಹೊರಟು ದೊಡ್ಡ ರಸ್ತೆ ದಾಟುವಾಗ ಗಾಡಿಗೆ ಸಿಗುವ ಬೆಕ್ಕುಗಳು ಎಷ್ಟೋ.

ಕಾನೂನೂ ಇದನ್ನು ಒಪ್ಪುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದೇ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಅದು ಒಂದು ಮೊತ್ತವಾಗಿತ್ತು, ಈಗ ಮಾರ್ಕೆಟ್ಟಿಗೆ ಹೋಗುವ ಆಟೋ ಖರ್ಚಿಗೂ ಸಾಲದು. ಈ ದಂಡವನ್ನು ಏರಿಸಬೇಕೆಂಬ ಬೇಡಿಕೆ ಬಹಳ ಹಳೆಯದು, ನ್ಯಾಯವಾದದ್ದು. ಕೊಲ್ಲುವುದು, ವಿಷ ಇಡುವುದು, ಅಂಗ ಊನ ಮಾಡುವುದಕ್ಕೆ ಮಾತ್ರ ಕಾನೂನು ಗಟ್ಟಿಯಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಅದಕ್ಕೆ ಐದು ವರ್ಷದವರೆಗೆ ಸಜೆ ವಿಧಿಸಬಹುದು ಎನ್ನುತ್ತದೆ. ಅದು ಸಾಕಿದ ಪ್ರಾಣಿಯೋ ಬೀದಿಯದೋ ಎಂಬ ಭೇದ ಅಲ್ಲಿಲ್ಲ. ಪಕ್ಕದ ಮನೆಯವರು ಬೆಕ್ಕಿಗೆ ವಿಷ ಹಾಕಿದ್ದಾರೆಂದು ಗೊತ್ತಾದರೆ ಪೊಲೀಸ್ ಠಾಣೆಯಲ್ಲಿ ಈ ಕಲಮಿನ ಸಂಖ್ಯೆಯನ್ನೇ ಹೇಳಿ ದೂರು ಕೊಡಿ.

ಪಾಪ, ಕಾನೂನು ಎರಡನ್ನೂ ಬದಿಗಿಟ್ಟು ಬರೀ ಲಾಭನಷ್ಟ ನೋಡಿದರೂ ಚೀಲದಿಂದ ಪ್ರಯೋಜನವಿಲ್ಲ. ನಿಮ್ಮ ಬೀದಿಯಲ್ಲಿ ಬೆಕ್ಕು ಇದೆ ಎಂದರೆ ಅಲ್ಲಿ ಇಲಿ ಇದೆ, ಕಸದ ರಾಶಿ ಇದೆ, ಮಾಂಸದ ಅಂಗಡಿಯೋ ಹೋಟೆಲೋ ಇದೆ, ಮರಿ ಹಾಕಲು ಬೆಚ್ಚಗಿನ ಮೂಲೆ ಇದೆ. ಒಂದು ಬೆಕ್ಕನ್ನು ಎತ್ತಿ ಆಚೆ ಹಾಕಿದರೆ ಇವು ಯಾವುವೂ ಖಾಲಿಯಾಗುವುದಿಲ್ಲ. ಪಕ್ಕದ ಬೀದಿಯಲ್ಲಿ ಜಾಗಕ್ಕಾಗಿ ಹೊಡೆದಾಡುತ್ತಿದ್ದ ಇನ್ನೊಂದು ಬೆಕ್ಕು ಕೆಲವೇ ದಿನಗಳಲ್ಲಿ ಬಂದು ನೆಲೆಸುತ್ತದೆ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವುದಿಲ್ಲ, ಅದೂ ಮರಿ ಹಾಕುತ್ತದೆ. ಅದೇ ತಾರಸಿ, ಅದೇ ಸೋಲಾರಿನ ಅಡಿ, ಬೇರೆ ಬೆಕ್ಕು. ವರ್ಷ ವರ್ಷವೂ ಚೀಲ ಹೊರುವ ಮನೆಗಳನ್ನು ನಾನು ಬಲ್ಲೆ.

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಅಂದರೆ ನಮ್ಮ ಕಣ್ಣಿಗೆ ಇನ್ನೂ ಮರಿಯಂತೆ ಕಾಣುವಾಗಲೇ ಅದು ಬಸುರಿ. ಗರ್ಭಕಾಲ ಒಂಬತ್ತು ವಾರ, ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕು ಮರಿ. ಹಾಲೂಡುತ್ತಿರುವಾಗಲೇ ಮತ್ತೆ ಗರ್ಭ ಕಟ್ಟಬಲ್ಲದು. ಹೀಗಾಗಿ ವರ್ಷಕ್ಕೆ ಎರಡು ಮೂರು ಸೂಲು ಸಹಜ. ಇಷ್ಟು ಹೇಳಿದ ತಕ್ಷಣ ಒಂದು ಜೋಡಿಯಿಂದ ಲಕ್ಷಗಟ್ಟಲೆ ಬೆಕ್ಕು ಎಂಬ ಲೆಕ್ಕ ತೆಗೆಯುವವರಿದ್ದಾರೆ. ಆ ಲೆಕ್ಕ ನಿಜವಾಗಿದ್ದರೆ ನಮ್ಮ ಬೀದಿಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಿಜ ಏನೆಂಬುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೀದಿ ಬೆಕ್ಕುಗಳ ಗುಂಪುಗಳನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಅಲ್ಲಿ ಹುಟ್ಟಿದ 169 ಮರಿಗಳಲ್ಲಿ 127 ಮರಿಗಳು ಆರು ತಿಂಗಳು ತುಂಬುವ ಮೊದಲೇ ಸತ್ತಿದ್ದವು, ಇಲ್ಲವೇ ಕಾಣೆಯಾಗಿದ್ದವು. ನಾಲ್ಕರಲ್ಲಿ ಮೂರು. ನಮ್ಮ ಬೀದಿಗಳಲ್ಲಿ ಕಣ್ಣಾರೆ ಕಾಣುವುದೂ ಇದನ್ನೇ. ನಾಲ್ಕು ಮರಿ ಇದ್ದದ್ದು ಹದಿನೈದು ದಿನಕ್ಕೆ ಮೂರಾಗುತ್ತದೆ, ಮಳೆ ಹಿಡಿದರೆ ಎರಡಾಗುತ್ತದೆ. ವಾಂತಿ ಭೇದಿ ಹಿಡಿದು ಒಂದೆರಡು ದಿನದಲ್ಲಿ ಸಾಯುವ ಮರಿಗಳಿಗೆ ‘ಯಾರೋ ಏನೋ ತಿನ್ನಿಸಿದರು’ ಎಂದುಕೊಳ್ಳುತ್ತೇವೆ. ಬಹಳ ಸಲ ಅದು ಪ್ಯಾನ್‌ಲ್ಯುಕೋಪೇನಿಯಾ ಎಂಬ ವೈರಸ್ ರೋಗ. ಅದಕ್ಕೆ ಲಸಿಕೆ ಇದೆ, ಆದರೆ ಬೀದಿಯ ಮರಿಗಳಿಗೆ ಸಿಗುವುದಿಲ್ಲ.

ಆದ್ದರಿಂದ ಸಂತಾನಹರಣ ಎಂದರೆ ಬೆಕ್ಕಿನ ಸಂಖ್ಯೆ ಇಳಿಸುವ ಕೆಲಸವಷ್ಟೇ ಅಲ್ಲ. ಹುಟ್ಟಿ ಎರಡು ತಿಂಗಳು ನರಳಿ ಸಾಯುವ ಮರಿಗಳು ಹುಟ್ಟದಂತೆ ಮಾಡುವ ಕೆಲಸ ಅದು. ‘ತಾಯಿಯಾಗುವ ಭಾಗ್ಯ ಕಿತ್ತುಕೊಳ್ಳುವುದು ಪಾಪವಲ್ಲವೇ?’ ಎಂದು ಕೇಳುವ ಹಿರಿಯರಿಗೆ ನಾನು ಈ ನಾಲ್ಕರಲ್ಲಿ ಮೂರು ಎಂಬ ಲೆಕ್ಕವನ್ನೇ ಹೇಳುತ್ತೇನೆ. ಸೂಲಿನ ಮೇಲೆ ಸೂಲಾಗಿ ಬೆನ್ನೆಲುಬು ಎದ್ದು ಕಾಣುವ ತಾಯಿ ಬೆಕ್ಕನ್ನು ಹತ್ತಿರದಿಂದ ನೋಡಿದವರು ಆ ಪ್ರಶ್ನೆಯನ್ನು ಎರಡನೇ ಸಲ ಕೇಳಿಲ್ಲ.

ಪದ್ಧತಿ ಸರಳ. ಹಿಡಿಯುವುದು, ಶಸ್ತ್ರಚಿಕಿತ್ಸೆ ಮಾಡಿಸುವುದು, ಹಿಡಿದ ಜಾಗದಲ್ಲೇ ಮರಳಿ ಬಿಡುವುದು. ಇಟಲಿಯಲ್ಲಿ ಇದು 1991ರಿಂದ ದೇಶದ ಕಾನೂನು. ಆ ವರ್ಷದ 281ನೇ ಕಾಯ್ದೆಯ ಪ್ರಕಾರ ಸ್ವತಂತ್ರವಾಗಿ ಬದುಕುವ ಬೆಕ್ಕುಗಳನ್ನು ಯಾರೂ ಹಿಂಸಿಸುವಂತಿಲ್ಲ. ಸ್ಥಳೀಯ ಆರೋಗ್ಯ ಇಲಾಖೆಯೇ ಅವುಗಳಿಗೆ ಸಂತಾನಹರಣ ಮಾಡಿಸಿ ಅವುಗಳ ಗುಂಪಿಗೇ ಸೇರಿಸಬೇಕು. ಜೂಲಿಯಸ್ ಸೀಸರ್ ಕೊಲೆಯಾದ ರೋಮಿನ ಅವಶೇಷಗಳ ನಡುವೆ ಇವತ್ತಿಗೂ ಬೆಕ್ಕುಗಳು ನಿಶ್ಚಿಂತೆಯಿಂದ ಬಿಸಿಲು ಕಾಯಿಸುತ್ತವೆ. ಅಮೆರಿಕದ ಫ್ಲಾರಿಡಾದ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ 1991ರಲ್ಲಿ ಇದೇ ಕೆಲಸ ಶುರು ಮಾಡಿದರು. 1995ರ ಮೇಲೆ ಅಲ್ಲಿ ಹೊಸ ಮರಿ ಕಾಣಲಿಲ್ಲ. 1996ರಲ್ಲಿ 68 ಇದ್ದ ಬೆಕ್ಕುಗಳು 2002ಕ್ಕೆ 23ಕ್ಕೆ ಇಳಿದವು. ಇದರಲ್ಲಿ ಶಸ್ತ್ರಚಿಕಿತ್ಸೆಯ ಪಾಲು ಎಷ್ಟೋ, ಪಳಗಿದ ಬೆಕ್ಕುಗಳಿಗೆ ಮನೆ ಹುಡುಕಿಕೊಟ್ಟವರ ಪಾಲೂ ಅಷ್ಟೇ ಇದೆ. ಅಲ್ಲಿನ ಬೆಕ್ಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮನೆ ಸೇರಿದವು. ಎರಡೂ ಒಟ್ಟಿಗೆ ನಡೆದರೇ ಫಲ.

ನಮ್ಮ ಬೀದಿಯ ಕಂದು ಪಟ್ಟೆಯ ತಾಯಿ ಬೆಕ್ಕನ್ನು ಹಿಡಿದದ್ದನ್ನು ಹೇಳಿದರೆ ಇದು ಹೇಗೆ ನಡೆಯುತ್ತದೆಂದು ತಿಳಿದೀತು. ಅದು ಯಾರ ಕೈಗೂ ಸಿಗುವ ಬೆಕ್ಕಲ್ಲ. ತಟ್ಟೆ ಇಟ್ಟು ನಾವು ಬಾಗಿಲು ಹಾಕಿಕೊಂಡ ಮೇಲೆಯೇ ತಿನ್ನಲು ಬರುತ್ತಿತ್ತು. ಮರಿಗಳು ಹಾಲು ಬಿಟ್ಟು ತಾವೇ ತಿನ್ನುವ ತನಕ ಕಾದೆವು. ಆಮೇಲೆ ಪ್ರಾಣಿದಯಾ ಕಾರ್ಯಕರ್ತೆಯೊಬ್ಬರಿಂದ ತಂತಿಯ ಬೋನು ತಂದು, ಬಾಗಿಲು ಬೀಳದಂತೆ ಕಟ್ಟಿ, ಕೆಲವು ದಿನ ಅದರೊಳಗೇ ಊಟ ಇಟ್ಟೆವು. ಹಿಡಿಯುವ ದಿನ ಬೆಳಿಗ್ಗೆಯಿಂದ ಬೇರೆ ಏನೂ ಇಡಲಿಲ್ಲ. ಸಂಜೆ ಬೋನಿನ ಕೊನೆಯಲ್ಲಿ ಬಂಗುಡೆಯ ಒಂದು ತುಂಡು, ಅದರ ನೀರಿನ ನಾಲ್ಕು ಹನಿ ಬಾಗಿಲ ಹತ್ತಿರ. ಅದು ಬಂತು, ಮೂಸಿತು, ಒಂದು ಕಾಲು ಒಳಗಿಟ್ಟು ತೆಗೆಯಿತು, ಮತ್ತೆ ಇಟ್ಟಿತು. ಮೆಟ್ಟುಹಲಗೆ ಅದುಮಿದ್ದೇ ತಡ ಬಾಗಿಲು ಬಿತ್ತು. ಬೋನು ಉರುಳಿ ಹೋಗುವಷ್ಟು ಕೊಸರಾಡಿತು. ಹಳೆಯ ಪಂಚೆಯೊಂದರಿಂದ ಬೋನನ್ನು ಪೂರ್ತಿ ಮುಚ್ಚಿದ ಕೂಡಲೇ ಸದ್ದಡಗಿತು. ಬೆಕ್ಕಿಗೆ ಕತ್ತಲೆಯೇ ಸಮಾಧಾನ. ಬೋನು ಹಾಕಿದವರು ಬೇರೇನು ಮರೆತರೂ ಬಟ್ಟೆ ಮರೆಯಬಾರದು.

ಮರುದಿನ ಶಸ್ತ್ರಚಿಕಿತ್ಸೆ ಮುಗಿದಾಗ ಅದರ ಪಕ್ಕೆಯಲ್ಲಿ ಅಂಗೈಯಷ್ಟಗಲ ಕೂದಲು ಬೋಳಿಸಿದ ಜಾಗ, ನಡುವೆ ಬೆರಳಿನಷ್ಟೂ ಉದ್ದವಿಲ್ಲದ ಹೊಲಿಗೆ. ತಾನೇ ಕರಗುವ ದಾರ, ಬಿಚ್ಚಿಸಲು ಮತ್ತೆ ಹಿಡಿಯಬೇಕಾಗಿಲ್ಲ. ಅರಿವಳಿಕೆಯಲ್ಲಿ ಇದ್ದಾಗಲೇ ಎಡಗಿವಿಯ ತುದಿಯನ್ನು ನೇರವಾಗಿ ಸ್ವಲ್ಪ ಕತ್ತರಿಸಿದ್ದರು. ಇದನ್ನು ನೋಡಿ ಅಯ್ಯೋ ಎನ್ನುವವರಿದ್ದಾರೆ. ಆದರೆ ಬೀದಿ ಬೆಕ್ಕಿಗೆ ಇದೇ ಗುರುತಿನ ಚೀಟಿ. ಚೂಪಾದ ಕಿವಿಯ ಬದಲು ಮೊಂಡು ಕಿವಿ ಕಂಡರೆ ಇದಕ್ಕೆ ಆಪರೇಶನ್ ಆಗಿದೆ ಎಂದು ದೂರದಿಂದಲೇ ತಿಳಿಯುತ್ತದೆ. ಇನ್ನೊಬ್ಬರು ಅದನ್ನು ಮತ್ತೆ ಹಿಡಿದು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ. ಗಂಡು ಬೆಕ್ಕಾದರೆ ಒಂದು ದಿನ ಇಟ್ಟುಕೊಂಡರೂ ಸಾಕು; ಹೆಣ್ಣನ್ನು ಗಾಯ ಒಣಗುವ ತನಕ ಕೆಲವು ದಿನ ಒಂದು ಖಾಲಿ ಕೋಣೆಯಲ್ಲಿ, ನೆಲಕ್ಕೆ ಪೇಪರ್ ಹಾಸಿ ನೋಡಿಕೊಳ್ಳಬೇಕು. ಬಿಟ್ಟ ದಿನ ಆ ಪಟ್ಟೆ ಬೆಕ್ಕು ನಮ್ಮತ್ತ ತಿರುಗಿಯೂ ನೋಡದೆ ಕಾಂಪೌಂಡ್ ಹತ್ತಿ ಮಾಯವಾಯಿತು. ಸಂಜೆ ತಟ್ಟೆಯ ಹೊತ್ತಿಗೆ ಸರಿಯಾಗಿ ಹಾಜರಿತ್ತು. ಮರಿಗಳಲ್ಲಿ ಎರಡಕ್ಕೆ ಮನೆ ಸಿಕ್ಕಿತು. ಉಳಿದವಕ್ಕೂ ಬೆಳೆದ ಮೇಲೆ ಆಪರೇಶನ್ ಆಯಿತು. ಬೀದಿಯ ಗಂಡು ಬೆಕ್ಕುಗಳದ್ದೂ ಮುಗಿದ ಮೇಲೆ ನಡುರಾತ್ರಿಯ ಆ ಊಳಿಡುವ ಜಗಳ ನಿಂತಿತು. ದೂರು ಕೊಡುತ್ತಿದ್ದ ಎದುರು ಮನೆಯ ಹಿರಿಯರೇ ಈಗ ಮುಂದಿನ ಬೀದಿಯವರಿಗೆ ಬೋನಿನ ವಿಷಯ ಹೇಳಿಕೊಡುತ್ತಾರೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಅಟ್ಟದಲ್ಲಿ ಮರಿಗಳಿವೆ, ತಾಯಿ ಕಾಣುತ್ತಿಲ್ಲ. ಕೂಡಲೇ ಎತ್ತಿ ತಂದು ಹಾಲು ಕುಡಿಸಲು ಹೊರಡಬೇಡಿ. ತಾಯಿ ಆಹಾರಕ್ಕೆ ಹೋದರೆ ಕೆಲವು ಗಂಟೆ ಬಾರದಿರಬಹುದು. ನೀವು ಅಲ್ಲೇ ನಿಂತಿದ್ದರಂತೂ ಬರುವುದೇ ಇಲ್ಲ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ಸುಳ್ಳಲ್ಲ. ಜಾಗ ಸುರಕ್ಷಿತವಲ್ಲ ಅನಿಸಿದರೆ ತಾಯಿ ಒಂದೊಂದೇ ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿ ಸಾಗಿಸುತ್ತದೆ. ಎರಡು ಮರಿ ಸಾಗಿಸಿ ಮೂರನೆಯದಕ್ಕೆ ಬರುವಷ್ಟರಲ್ಲಿ ಅದು ನಿಮ್ಮ ಮನೆಯ ರಟ್ಟಿನ ಡಬ್ಬದಲ್ಲಿದ್ದರೆ ತಾಯಿಗೂ ಸಂಕಟ, ಮರಿಗೂ ಸಂಕಟ. ತಾಯಿ ಬಂದು ಹೋಗುತ್ತಿದೆಯೇ ಎಂಬ ಅನುಮಾನವಿದ್ದರೆ ಮರಿಗಳ ಸುತ್ತ ಅಕ್ಕಿಹಿಟ್ಟನ್ನು ತೆಳ್ಳಗೆ ಉದುರಿಸಿ ದೂರ ಹೋಗಿ. ಕೆಲವು ಗಂಟೆ ಬಿಟ್ಟು ನೋಡಿದರೆ ಹೆಜ್ಜೆಗುರುತು ತಾನೇ ಹೇಳುತ್ತದೆ. ಹೊಟ್ಟೆ ದುಂಡಗಿದ್ದು ಒಂದಕ್ಕೊಂದು ಅಂಟಿಕೊಂಡು ಮಲಗಿದ ಮರಿಗಳಿಗೆ ತಾಯಿ ಇದ್ದಾಳೆ ಎಂದೇ ಅರ್ಥ. ಮೈ ತಣ್ಣಗಾಗಿ, ಹೊಟ್ಟೆ ಒಳಕ್ಕೆ ಹೋಗಿ, ಬಿಡದೆ ಕಿರುಚುತ್ತಿದ್ದರೆ ಮಾತ್ರ ಕೈ ಹಾಕಿ. ಆಗಲೂ ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಆಹಾರ. ತಣ್ಣಗಿರುವ ಮರಿಗೆ ಕುಡಿಸಿದ್ದು ಜೀರ್ಣವಾಗುವುದಿಲ್ಲ; ಶ್ವಾಸಕ್ಕೆ ಹೋಗಿ ಸಾಯುವುದೂ ಉಂಟು.

ಕುಡಿಸುವುದು ಏನನ್ನು ಎಂಬಲ್ಲಿ ನಮ್ಮ ನಂಬಿಕೆ ಬಹಳ ಬಲವಾಗಿದೆ. ಬೆಕ್ಕು ಎಂದರೆ ಹಾಲು. ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಕೇಳಿಯೇ ನಾವೆಲ್ಲ ಬೆಳೆದದ್ದು. ವಾಸ್ತವದಲ್ಲಿ ಹಸುವಿನ ಹಾಲು ಬಹುಪಾಲು ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ, ಮರಿಗಳಿಗೆ ಭೇದಿ ಹತ್ತಿ ನೀರಿನಂಶ ಹೋಗಿ ಪ್ರಾಣಕ್ಕೇ ಬರುತ್ತದೆ. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ದೊಡ್ಡ ಬೆಕ್ಕಿಗೆ ಹಾಲನ್ನವೂ ಮೊಸರನ್ನವೂ ಹೊಟ್ಟೆ ತುಂಬಿಸೀತು, ಮೈಗೆ ಹಿಡಿಯದು. ಬೆಕ್ಕು ಹುಟ್ಟಾ ಮಾಂಸಾಹಾರಿ. ಮಾಂಸ ಮೀನಿನಲ್ಲಿರುವ ಟೌರಿನ್ ಎಂಬ ಅಂಶ ಸಿಗದಿದ್ದರೆ ಕಾಲಕ್ರಮದಲ್ಲಿ ಕಣ್ಣು ಮಂಜಾಗುತ್ತದೆ, ಹೃದಯ ಸೋಲುತ್ತದೆ. ಸಸ್ಯಾಹಾರಿ ಮನೆಯವರು ಈ ಮಾತಿಗೆ ಬೇಸರಿಸಬಾರದು. ಅಡುಗೆಮನೆಗೆ ಮೀನು ತರಬೇಕಾಗಿಲ್ಲ, ಬೆಕ್ಕಿನ ಆಹಾರದ ಪೊಟ್ಟಣ ಸಾಕು. ಪಕ್ಕದಲ್ಲಿ ಒಂದು ಬಟ್ಟಲು ನೀರು ಇರಲಿ, ಬೇಸಿಗೆಯಲ್ಲಿ ಅದು ಆಹಾರಕ್ಕಿಂತ ಮುಖ್ಯ. ಇನ್ನೊಂದು ಮಾತು: ಜ್ವರ ಬಂದಂತಿದೆ ಎಂದು ಪ್ಯಾರಸಿಟಮಾಲ್ ಕೊಡಬೇಡಿ. ನಮಗೆ ನಿರಪಾಯಕಾರಿಯಾದ ಆ ಒಂದು ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ನಾಯಿಗಳ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿಯೂ ಬೆಕ್ಕಿಗೆ ವಿಷ.

ಊಟ ಹಾಕುವುದಕ್ಕೆ ಶಿಸ್ತು ಬೇಕು. ಅಪಾರ್ಟ್‌ಮೆಂಟುಗಳ ಜಗಳವೆಲ್ಲ ಹುಟ್ಟುವುದು ಇಲ್ಲೇ. ಎಲ್ಲೆಂದರಲ್ಲಿ ಅನ್ನ ಚೆಲ್ಲಿ ಹೋದರೆ ಇಲಿ, ಜಿರಲೆ, ನೊಣ. ಆ ಸಿಟ್ಟೆಲ್ಲ ಬೆಕ್ಕಿನ ಮೇಲೆ. ದಿನವೂ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆಯ ಮೇಲೆ ತಟ್ಟೆ ಎತ್ತಿ ತೊಳೆದಿಡುವುದು; ಹೀಗೆ ಮಾಡಿದರೆ ಬೆಕ್ಕುಗಳು ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿಯುತ್ತವೆ, ಹಿಡಿಯಬೇಕಾದ ದಿನ ಹುಡುಕುವ ಕಷ್ಟ ಇರುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಮುದಾಯದ ಪ್ರಾಣಿಗಳಿಗೆ ಊಟ ಹಾಕುವ ಜಾಗ ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘಕ್ಕೇ ವಹಿಸಿವೆ. ಆ ಜಾಗ ಮಕ್ಕಳು ಆಡುವ ಕಡೆ, ಮೆಟ್ಟಿಲ ಬಳಿ, ಬಂದುಹೋಗುವ ಬಾಗಿಲ ಹತ್ತಿರ ಇರಬಾರದು. ಸಂಘದವರೊಡನೆ ವಾದಕ್ಕಿಳಿಯುವ ಮೊದಲು ಈ ನಿಯಮವನ್ನು ಪೂರ್ತಿ ಓದಿ. ಅದರಲ್ಲಿ ಊಟ ಹಾಕುವವರ ಹಕ್ಕೂ ಇದೆ, ಕರ್ತವ್ಯವೂ ಇದೆ.

‘ಬೀದಿ ಬೆಕ್ಕನ್ನೇ ಮನೆಗೆ ತಂದು ಸಾಕಬಹುದಲ್ಲ?’ ಎಂದು ಕೇಳುವವರಿಗೆ ನನ್ನ ಉತ್ತರ: ಯಾವ ಬೆಕ್ಕು ಎಂಬುದನ್ನು ನೋಡಿ. ಮರಿಗಳು ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ್ದರೆ ಸುಲಭವಾಗಿ ಹೊಂದಿಕೊಳ್ಳುತ್ತವೆ. ಯಾರೋ ಸಾಕಿ ಬೀದಿಗೆ ಬಿಟ್ಟ ಬೆಕ್ಕು, ಬಾಲ ಎತ್ತಿಕೊಂಡು ಬಂದು ಕಾಲಿಗೆ ಮೈ ಉಜ್ಜುವ ಬೆಕ್ಕು, ಇವಕ್ಕೆ ಖಂಡಿತ ಮನೆ ಬೇಕು. ಕಪ್ಪು ಬೆಕ್ಕೆಂದು ಹಿಂಜರಿಯಬೇಡಿ. ಅಡ್ಡ ಬಂದರೆ ಅಪಶಕುನ ಎಂಬ ಮಾತಿಗಾಗಿ ಎಷ್ಟೋ ಒಳ್ಳೆಯ ಮರಿಗಳು ಕೊನೆಯವರೆಗೂ ಉಳಿದುಬಿಡುತ್ತವೆ. ಆದರೆ ಮನುಷ್ಯರ ಸ್ಪರ್ಶವಿಲ್ಲದೆ ಬೆಳೆದ ದೊಡ್ಡ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿದರೆ ಅದಕ್ಕೆ ಅದು ಸೆರೆಮನೆ. ಅದಕ್ಕೆ ಆಪರೇಶನ್, ಊಟ, ನೀರು, ಅದರದೇ ಕಾಂಪೌಂಡ್ ಗೋಡೆ. ಇಷ್ಟು ಕೊಟ್ಟರೆ ಬೇಕಾದ್ದನ್ನೆಲ್ಲ ಕೊಟ್ಟಂತೆ.

ಎದುರು ವಾದಗಳಲ್ಲಿ ಒಂದನ್ನು ನಾನು ಗೌರವದಿಂದ ಕೇಳುತ್ತೇನೆ: ಬೆಕ್ಕು ಹಕ್ಕಿಗಳನ್ನು ಕೊಲ್ಲುತ್ತದೆ ಎಂಬುದು. ಹೌದು, ಕೊಲ್ಲುತ್ತದೆ, ಹಲ್ಲಿ, ಓತಿಕ್ಯಾತ, ಅಳಿಲನ್ನೂ ಬಿಡುವುದಿಲ್ಲ. ಬೆಕ್ಕೇ ಇರದಿದ್ದ ಆಸ್ಟ್ರೇಲಿಯಾಕ್ಕೆ ಯುರೋಪಿನವರು ಅದನ್ನು ಒಯ್ದ ಮೇಲೆ ಅಲ್ಲಿನ ಸಣ್ಣ ಪ್ರಾಣಿಗಳ ಎಷ್ಟೋ ಜಾತಿಗಳು ಅಳಿದವು. 2020ರೊಳಗೆ 20 ಲಕ್ಷ ಕಾಡು ಸೇರಿದ ಬೆಕ್ಕುಗಳನ್ನು ಕೊಲ್ಲುವ ಗುರಿಯನ್ನು ಆ ಸರ್ಕಾರ 2015ರಲ್ಲಿ ಹಾಕಿಕೊಂಡಿತು. ನಮ್ಮ ನೆಲದ ಕತೆ ಬೇರೆ, ಇಲ್ಲಿ ಕಾಡುಬೆಕ್ಕಿನ ಜಾತಿಗಳು ಮೊದಲಿನಿಂದಲೂ ಇವೆ. ಆದರೂ ಕೊಡಗಿನಲ್ಲೋ ಮಲೆನಾಡಿನಲ್ಲೋ ಕಾಡಂಚಿನಲ್ಲಿ, ಹಕ್ಕಿಗಳು ಗೂಡು ಕಟ್ಟುವ ಕೆರೆ ದಂಡೆಯಲ್ಲಿ ಇರುವವರು ಬೆಕ್ಕನ್ನು ರಾತ್ರಿ ಮನೆಯೊಳಗೇ ಇರಿಸಿಕೊಳ್ಳಬೇಕು, ಹೊರಗೆ ಊಟವಿಟ್ಟು ಗುಂಪು ಬೆಳೆಸಬಾರದು. ಊರಿನ ಬೆಕ್ಕುಗಳನ್ನು ಚೀಲದಲ್ಲಿ ತುಂಬಿ ತೋಟಕ್ಕೂ ಕಾಡಂಚಿಗೂ ಬಿಡುವುದು ಬೆಕ್ಕಿಗೆ ಮಾತ್ರವಲ್ಲ, ಆ ಹಕ್ಕಿಗಳಿಗೂ ಮಾಡುವ ಅನ್ಯಾಯ. ರೋಗದ ಭಯಕ್ಕೆ ಉತ್ತರ ಚಿಕ್ಕದು. ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ರೇಬಿಸ್ ಬರೀ ನಾಯಿಯಿಂದ ಬರುತ್ತದೆ ಎಂದುಕೊಂಡು ಸುಮ್ಮನಿರಬೇಡಿ.

ಸರ್ಕಾರದ ಲೆಕ್ಕದಲ್ಲಿ ಬೆಕ್ಕು ಇನ್ನೂ ಸರಿಯಾಗಿ ಸೇರಿಲ್ಲ. ಬೆಂಗಳೂರಿನಲ್ಲಿ 2023ರಲ್ಲಿ ಪಾಲಿಕೆ ನಡೆಸಿದ ಸಮೀಕ್ಷೆ ಬೀದಿ ನಾಯಿಗಳದ್ದು, ಸುಮಾರು 2.79 ಲಕ್ಷ ಎಂದು ಅಂದಾಜಾಯಿತು. ನಾಯಿಗಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ದೇಶವೆಲ್ಲ ಚರ್ಚಿಸಿತು. ಬೆಕ್ಕು ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ, ರಸ್ತೆಯಲ್ಲಿ ಸತ್ತರೂ ಸುದ್ದಿಯಾಗುವುದಿಲ್ಲ, ಹಾಗಾಗಿ ಅದರ ಪಾಲಿಗೆ ಹಣವೂ ಬರುವುದಿಲ್ಲ. ನಾಯಿಗಳಿಗೆ ಸಂತಾನಹರಣ ಮಾಡುವ ಕೇಂದ್ರಗಳಲ್ಲಿ ಬೆಕ್ಕಿಗೂ ಒಂದು ಪ್ರತ್ಯೇಕ ಕೋಣೆ, ವಾರಕ್ಕೊಂದು ದಿನ ಮೀಸಲಾಗಲಿ ಎಂಬುದು ನನ್ನ ಒತ್ತಾಯ. ಪ್ರತ್ಯೇಕ ಏಕೆಂದರೆ, ಬೊಗಳುವ ನಾಯಿಗಳ ಪಕ್ಕದಲ್ಲಿಟ್ಟ ಬೆಕ್ಕು ಭಯದಿಂದಲೇ ಅರ್ಧ ಸತ್ತಿರುತ್ತದೆ. ನಗರಸಭೆ, ಪುರಸಭೆಗಳ ಬಜೆಟ್ ಸಿದ್ಧವಾಗುವ ಹೊತ್ತಿಗೆ ನಿಮ್ಮ ವಾರ್ಡಿನ ಸದಸ್ಯರಿಗೆ ಈ ಮಾತನ್ನು ಬರವಣಿಗೆಯಲ್ಲಿ ಕೊಡಿ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಗಳಿವೆ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರಿಗೆ ಹಸು ಎಮ್ಮೆಗಳ ಕೆಲಸವೇ ಹೆಚ್ಚಿದ್ದರೂ ಒಮ್ಮೆ ಹೋಗಿ ಕೇಳಿ; ಅಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆ ಎಂದಾದರೂ ಹೇಳುತ್ತಾರೆ. ಖಾಸಗಿಯಲ್ಲಿ ಖರ್ಚು ಹೆಚ್ಚಾದರೆ ಬೀದಿಯ ಹತ್ತು ಮನೆಯವರು ಹಂಚಿಕೊಳ್ಳಬಹುದು. ಬೆಕ್ಕು ಹತ್ತೂ ಮನೆಯ ಕಾಂಪೌಂಡಿನಲ್ಲಿ ಓಡಾಡುವಂಥದ್ದೇ ತಾನೆ. ಈಗ ನಿಮ್ಮ ಅಟ್ಟದಲ್ಲಿ ಮರಿಗಳಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಕೊಳ್ಳಿ: ಮರಿಗಳಿಗೆ ಎಂಟು ವಾರ ತುಂಬುವ ಹೊತ್ತಿಗೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಅದಕ್ಕಿಂತ ತಡವಾದರೆ ಅದು ಮತ್ತೆ ಬಸುರಿಯಾಗಿರುತ್ತದೆ.